ಕಣ್ಣಿಗೊತ್ತಿಕೊಂಡ ಗಡಿಯಾರ

ಗೋಣಿಕಲ್ಲು ಅಣೆಕಟ್ಟಿನ ಮೇಲೆ ಹಿಂದೆ ಒಂದು ಸೈರನ್ ಇತ್ತು. ಗೇಟು ತೆರೆಯುವ ಮುಂಚೆ ಅದು ಕೂಗಿದರೆ ಕೆಳಗಿನ ಊರುಗಳ ನಾಯಿಗಳೆಲ್ಲ ಜೊತೆಗೂಡಿ ಊಳಿಡುತ್ತಿದ್ದವು, ತೊಟ್ಟಿಲಲ್ಲಿ ಮಲಗಿದ ಕೂಸುಗಳು ಬೆಚ್ಚಿ ಅಳುತ್ತಿದ್ದವು. ಗಾಳಿ ತುಸು ತಿರುಗಿತೆಂದರೆ ಮುಗಿಯಿತು, ಕೇಳಬೇಕಾದವರನ್ನು ಬಿಟ್ಟು ಉಳಿದವರಿಗೆಲ್ಲ ಕೇಳಿಸುತ್ತಿತ್ತು. ಸೈರನ್ನಿನ ಕಾಲ ಹೋಗಿ ಹೊಳೆವಾಚಿನ ಕಾಲ ಬಂದದ್ದು ಹೀಗೆ.

ಸರ್ಕಾರಿ ಕಾಗದದಲ್ಲಿ ಅದಕ್ಕೆ ಮಾರುದ್ದದ ಹೆಸರಿತ್ತು. ಆ ಹೆಸರು ಓದಿ ಮುಗಿಸುವಷ್ಟರಲ್ಲಿ ನೀರೇ ಬಂದುಬಿಡುತ್ತದೆ ಎಂದು ಜನ ಹೊಳೆವಾಚು ಎಂದು ಕರೆದರು. ಬಟ್ಟೆ ಒಗೆಯುವವರು, ಬಲೆ ಬೀಸುವವರು, ನಡುಗಡ್ಡೆಯಲ್ಲಿ ಕುರಿ ಮೇಯಿಸುವವರು, ಹರಿಗೋಲು ನಡೆಸುವವರು, ಹೀಗೆ ನೀರಿಗೆ ಕಾಲಿಡುವ ಎಲ್ಲರ ಮಣಿಕಟ್ಟಿಗೂ ಇಲಾಖೆ ಒಂದೊಂದು ಕಟ್ಟಿತು. ಗೇಟು ತೆರೆಯುವ ಮುಂಚೆ ವಾಚು ಚರ್ಮವನ್ನು ಮೆಲ್ಲಗೆ ತಟ್ಟಿ ಎಚ್ಚರಿಸಿ, ‘ನೀರು ಬಿಡುತ್ತಿದ್ದೇವೆ, ದಡ ಸೇರಿರಿ’ ಎಂಬ ಸಂದೇಶ ತೋರಿಸುತ್ತಿತ್ತು. ತೊಟ್ಟವರು ಅಂಚಿನ ಗುಂಡಿ ಒತ್ತಿದರೆ ‘ನೋಡಿದೆ’ ಎಂಬ ಉತ್ತರ ಅಣೆಕಟ್ಟಿನ ಕಂಟ್ರೋಲ್ ರೂಮಿಗೆ ಹೋಗುತ್ತಿತ್ತು. ಅಲ್ಲಿ ಗೋಡೆಯಗಲದ ಒಂದು ಫಲಕ, ಒಂದೊಂದು ವಾಚಿಗೆ ಒಂದೊಂದು ದೀಪ. ದೀಪಗಳೆಲ್ಲ ಹಸಿರಾಗುವ ತನಕ ಗೇಟು ಅಲುಗಾಡಿಸಬಾರದೆಂಬುದು ನಿಯಮ.

ಗೇಟು ಅಲುಗಾಡಿಸುವ ಗುಂಡಿ ಇದ್ದದ್ದು ಇಂದುಮತಿ ಹೂಗಾರಳ ಬೆರಳ ಕೆಳಗೆ. ನಲವತ್ತು ದಾಟಿದ, ಮಾತು ಕಡಿಮೆ, ಕೆಲಸ ಜಾಸ್ತಿ ಎನ್ನುವಂಥ ಎಂಜಿನಿಯರ್ ಅವಳು. ಆ ವರ್ಷದ ಮಳೆಗಾಲದ ಮೊದಲ ನೀರು ಬಿಟ್ಟ ಬೆಳಿಗ್ಗೆ ಫಲಕದಲ್ಲಿ ಎಲ್ಲಕ್ಕಿಂತ ಮುಂಚೆ ಹಸಿರಾದದ್ದು ಹುಣಸಿಗಡ್ಡಿಯ ದೀಪ. ಹುಣಸಿಗಡ್ಡಿ ಎಂದರೆ ಹೊಳೆಯ ನಡುವಿನ ಒಂದು ದ್ವೀಪ. ಅಲ್ಲಿಂದ ದಡಕ್ಕೆ ಹರಿಗೋಲು ನಡೆಸುವವಳು ಅಂಬಿಗರ ಹುಲಿಗೆವ್ವ. ಹುಲಿಗೆವ್ವ ಎಷ್ಟು ಚುರುಕು ನೋಡ್ರಿ ಎಂದು ಇಂದುಮತಿ ಪಕ್ಕದವರಿಗೆ ಹೇಳಿ ನಕ್ಕದ್ದೂ ಉಂಟು. ಉಳಿದ ದೀಪಗಳು ಒಂದೊಂದಾಗಿ ಹಸಿರಾದ ಮೇಲೆ ಅವಳು ಗುಂಡಿ ಒತ್ತಿದಳು.

ಆ ಹೊತ್ತಿನಲ್ಲಿ ಹುಲಿಗೆವ್ವ ನಡುಹೊಳೆಯಲ್ಲಿದ್ದಳು. ಹರಿಗೋಲಿನಲ್ಲಿ ದ್ವೀಪದ ಶಾಲೆಗೆ ಹೊರಟ ಟೀಚರಮ್ಮ, ಇಬ್ಬರು ಬಸುರಿಯರು, ಒಂದು ಮೂಟೆ ರೇಷನ್ ಅಕ್ಕಿ. ನೀರು ಗೋಡೆಯಂತೆ ಬಂತು. ಹರಿಗೋಲು ಬುಗುರಿಯಂತೆ ತಿರುಗಿ, ಕೆಳಗಿನ ಬಂಡೆಗೆ ತಗುಲಿ ನಿಂತಿತು. ಬಂಡೆ ಇರದಿದ್ದರೆ ಈ ಕಥೆ ಬೇರೆಯಾಗುತ್ತಿತ್ತು, ಹೇಳಲು ನನಗೂ ನಾಲಿಗೆ ಏಳುತ್ತಿರಲಿಲ್ಲ. ಅಕ್ಕಿ ಹೋಯಿತು, ಜೀವಗಳು ಉಳಿದವು.

ವಿಚಾರಣೆ ಒಂದೇ ಬೈಠಕಿನಲ್ಲಿ ಮುಗಿಯಿತು. ತನಗೆ ಸಂದೇಶವೇ ಬರಲಿಲ್ಲ ಎಂದಳು ಹುಲಿಗೆವ್ವ. ‘ನೋಡಿದೆ’ ಎಂಬ ಉತ್ತರ ಬಂದಿದೆ ಎಂದಿತು ಯಂತ್ರ. ಮುಖ್ಯ ಎಂಜಿನಿಯರ್ ಪಟ್ಟಣಶೆಟ್ಟಿ ಕೆಟ್ಟವರಲ್ಲ, ಆದರೆ ಫಲಕವನ್ನು ದೇವರ ಫೋಟೋದಂತೆ ನಂಬಿದವರು. ಎತ್ತು ಈಯಿತು ಎಂದು ಫಲಕ ಹೇಳಿದರೆ ಕರುವನ್ನು ಕೊಟ್ಟಿಗೆಗೆ ಕಟ್ಟಿ ಎನ್ನುವವರೇ. ಸಂದೇಶ ನೋಡಿಯೂ ಜನರನ್ನು ಹತ್ತಿಸಿಕೊಂಡು ಹೋದವಳಿಗೆ ಹರಿಗೋಲಿನ ಪರವಾನಗಿ ಕೊಡುವುದು ಹೇಗೆ ಎಂದು ಕೇಳಿದರು. ಸದ್ಯಕ್ಕೆ ಆಕೆ ಯಾರನ್ನೂ ಹತ್ತಿಸಿಕೊಳ್ಳಬಾರದು, ವಾಚಿನ ಪರೀಕ್ಷೆ ಮುಗಿದ ಮೇಲೆ ಪರವಾನಗಿ ರದ್ದು ಎಂದು ಹೇಳಿ ಎದ್ದರು.

ಹುಲಿಗೆವ್ವ ವಾಚು ಬಿಚ್ಚಿ ಮೇಜಿನ ಮೇಲಿಟ್ಟಳು. ಬಿಸಿಲಿಗೆ ಕಪ್ಪಾದ ಮಣಿಕಟ್ಟಿನಲ್ಲಿ ವಾಚಿದ್ದ ಜಾಗ ಮಾತ್ರ ಬೆಳ್ಳಗಿತ್ತು. ಬಾಗಿಲ ತನಕ ಹೋದವಳು ತಿರುಗಿ ಇಂದುಮತಿಯನ್ನೇ ನೋಡಿ ಹೇಳಿದಳು:

“ಮೇಡಮ್ಮರ, ನಮ್ಮಪ್ಪನ ಕಾಲದಿಂದ ಮಂದೀನ ದಾಟಿಸೀವಿ. ರೊಕ್ಕ ಬಿಟ್ಟೀವಿ, ಜೀವ ಬಿಟ್ಟಿಲ್ಲ. ನಾ ಸುಳ್ಳು ಹೇಳಾಕಿ ಅಂತ ಈ ಕುನ್ನಿ ಯಂತ್ರ ಹೇಳಿದ್ರ, ನೀವೂ ಹೌದಂತೀರೇನು?”

ಇಂದುಮತಿ ಮೇಜಿನ ಮೇಲಿದ್ದ ವಾಚನ್ನು ಕೈಗೆತ್ತಿಕೊಂಡಳು. ಆಕೆ ಸುಳ್ಳಿ ಎಂದಾದರೆ ಒಬ್ಬಳ ಅನ್ನ ಹೋಗುತ್ತದೆ. ಆಕೆ ನಿಜ ಹೇಳುತ್ತಿದ್ದರೆ ಇನ್ನೂ ಕೆಟ್ಟದ್ದು, ಈ ಫಲಕದ ಹಸಿರು ದೀಪ ನಂಬಿ ನಾಳೆ ಮತ್ತೆ ಗೇಟು ತೆರೆದರೆ ಯಾರ ಮೇಲೆ ನೀರು ಹೋಗುತ್ತದೋ ಯಾರಿಗೆ ಗೊತ್ತು. ಪರೀಕ್ಷೆಯನ್ನು ತಾನೇ ಮಾಡುತ್ತೇನೆಂದು ವಾಚನ್ನು ಚೀಲಕ್ಕೆ ಹಾಕಿಕೊಂಡಳು.

ಅಣೆಕಟ್ಟಿನ ಪಕ್ಕದ ಶೆಡ್ಡಿನಲ್ಲಿ ಹೊಳೆವಾಚುಗಳ ದುರಸ್ತಿ ಲ್ಯಾಬ್ ಇತ್ತು. ಅದರ ಯಜಮಾನ ನಜೀರ್, ಬಾಯಲ್ಲಿ ಸದಾ ಲವಂಗ, ಮಾತಲ್ಲಿ ಸದಾ ಕುಚೋದ್ಯ. ಅವನು ವಾಚನ್ನು ಮೊದಲು ಆರಿಸಿ ಹೊತ್ತಿಸಿದ. ಯಾವ ಯಂತ್ರಕ್ಕಾದರೂ ಮೊದಲ ಔಷಧಿ ಅದೇ, ಅದಕ್ಕೇ ಬಗ್ಗಿದರೆ ಫೀಸೂ ಉಳಿಯಿತು ಎಂದ. ಅಣೆಕಟ್ಟಿನ ಜಾಲದೊಂದಿಗಿನ ನಂಟು ಬಿಡಿಸಿ ಮತ್ತೆ ಜೋಡಿಸಿದ. ‘ತೊಂದರೆ ಕೊಡಬೇಡಿ’ ಎಂಬ ಆಯ್ಕೆ ಅಪ್ಪಿತಪ್ಪಿ ಒತ್ತಿಹೋಗಿದೆಯೇ ನೋಡಿದ, ಇಲ್ಲ. ಸಂದೇಶಗಳಿಗೆ ಅನುಮತಿ ಇದೆಯೇ ನೋಡಿದ, ಇದೆ. ಬ್ಯಾಟರಿ ಗಟ್ಟಿ, ಒಳಗೆ ನೀರು ಹೋಗಿಲ್ಲ. ಕೊನೆಗೆ ವಾಚನ್ನು ಇಂದುಮತಿಯ ಕೈಗೇ ಕಟ್ಟಿ, ನೀರಿನ ಸಂದೇಶವೊಂದನ್ನು ಪರೀಕ್ಷೆಗೆಂದು ಕಳಿಸಿದ. ವಾಚು ಮಣಿಕಟ್ಟನ್ನು ಮೂರು ಸಲ ತಟ್ಟಿತು, ನೀಲಿ ಅಲೆಯ ಚಿತ್ರ ಬಂತು, ಕೆಳಗೆ ಅಕ್ಷರಗಳು ಚೆನ್ನಾಗಿಯೇ ಮೂಡಿದವು.

ವಾಚಿಗೆ ನೆಗಡಿ ಕೂಡ ಆಗಿಲ್ಲ ಎಂದ ನಜೀರ್. ಇನ್ನೊಂದು ಸಂಗತಿಯನ್ನೂ ತೋರಿಸಿದ. ಹುಲಿಗೆವ್ವನ ಅಕ್ಕನ ಮಗಳು ಕಳಿಸಿದ ಕೂಸಿನ ಫೋಟೋ, ರೇಷನ್ ಅಂಗಡಿಯ ಸಂದೇಶ, ಲಸಿಕೆಯ ದಿನ, ಎಲ್ಲವನ್ನೂ ವಾಚು ಆಕೆಗೆ ತೋರಿಸಿತ್ತು. ನೀರಿನದ್ದನ್ನು ತೋರಿಸಿದ ಗುರುತು ಮಾತ್ರ ಇರಲಿಲ್ಲ, ಆದರೆ ‘ನೋಡಿದೆ’ ಎಂಬ ಉತ್ತರ ಹೋಗಿತ್ತು. ತೋರಿಸದೆಯೇ ನೋಡಿದ್ದು ಹೇಗೆ ಎಂದು ಇಬ್ಬರೂ ಮುಖ ಮುಖ ನೋಡಿಕೊಂಡರು.

ಇಂದುಮತಿ ಮನೆ ಸೇರಿದಾಗ ಅವಳ ಗಂಡ ರೇವಣಸಿದ್ಧ ಬರಿಯ ತಿಳಿಸಾರು ಕುದಿಸುತ್ತಿದ್ದ. ಹೈಸ್ಕೂಲಿನಲ್ಲಿ ಗಣಿತ ಕಲಿಸುವವನು, ಅಡುಗೆ ಅವನ ಪಾಲಿನ ಕೆಲಸ. ಸಂತೆಯಿಂದ ಸಾಮಾನು ತರುವುದು ಇವಳ ಪಾಲಿನದು. ಕೊತ್ತಂಬರಿ ಎಲ್ಲಿ ಎಂದು ಕೇಳಿದ. ಯಾವ ಕೊತ್ತಂಬರಿ ಎಂದಳು ಇವಳು. ಅವನು ಸೌಟು ಕೆಳಗಿಟ್ಟ. ಅವನಿಗೆ ಕೋಪ ಬಂದಿರಲಿಲ್ಲ, ಬಹಳ ದಿನದಿಂದ ಕಟ್ಟಿಟ್ಟ ಮಾತು ಬಿಚ್ಚುವ ಹುರುಪು ಬಂದಿತ್ತು.

“ನಾ ಕೊತ್ತಂಬರಿ ಅಂತ ಬರದು ಕಳಿಸೂದಷ್ಟ ತಡ, ‘ನೋಡಿದೆ’ ಅಂತ ಬಂದ ಬಿಡ್ತದ. ಒಮ್ಮೊಮ್ಮೆ ನಾ ಬೆರಳು ತೆಗಿಯೂದರಾಗ ಬರ್ತದ. ಇಷ್ಟು ಪ್ರೀತಿ ಮಾಡೂ ಹೆಂಡ್ತಿ ಕೊತ್ತಂಬರಿ ಮಾತ್ರ ಯಾಕ ತರವಲ್ಲಳು ಅಂತ ನಾನೂ ಲೆಕ್ಕ ಹಾಕ್ಲಿಕ್ಕತ್ತೀನಿ.”

ಇಂದುಮತಿ ಅವನ ಫೋನು ಕಸಿದುಕೊಂಡು ನೋಡಿದಳು. ಕೊತ್ತಂಬರಿ, ಹಸಿಮೆಣಸಿನಕಾಯಿ, ಅತ್ತೆಯ ಮೊಣಕಾಲಿನ ಎಣ್ಣೆ, ಮತ್ತೆ ಕೊತ್ತಂಬರಿ. ಪ್ರತಿಯೊಂದರ ಕೆಳಗೂ ತನ್ನ ‘ನೋಡಿದೆ’. ಅವಳು ಒಂದನ್ನೂ ನೋಡಿರಲಿಲ್ಲ. ಅವನ ಸಂದೇಶಗಳು ಬರುವುದು ಅವಳು ಡ್ಯೂಟಿಯಲ್ಲಿರುವಾಗ. ಫಲಕದಿಂದ ಕಣ್ಣು ತೆಗೆಯಲಾಗದೆ, ಅದೇ ಕಂಪನಿಯ ತನ್ನ ವಾಚು ತಟ್ಟಿದೊಡನೆ ಅಂಗೈ ಮುಚ್ಚಿ ಸುಮ್ಮನಾಗಿಸುವುದು ಅವಳ ರೂಢಿ. ಕೆಲವು ತಿಂಗಳಿಂದ ಆ ತಟ್ಟುವಿಕೆಯೇ ನಿಂತಿತ್ತು. ಗಂಡ ಸುಧಾರಿಸಿದ ಎಂದುಕೊಂಡಿದ್ದಳು. ಊರಿಗೆಲ್ಲ ಶಕುನ ಹೇಳುವ ಹಲ್ಲಿ ಬಚ್ಚಲಲ್ಲಿ ಬಿತ್ತಂತೆ. ಅವಳಿಗೆ ನಗು ಬಂತು, ನಗುತ್ತಿದ್ದಂತೆಯೇ ಹುಲಿಗೆವ್ವನ ದೀಪ ಎಲ್ಲಕ್ಕಿಂತ ಮುಂಚೆ ಹಸಿರಾದದ್ದು ನೆನಪಾಗಿ ನಗು ನಿಂತುಹೋಯಿತು.

ಮರುದಿನ ಬೆಳಿಗ್ಗೆ ಲ್ಯಾಬಿನಲ್ಲಿ ಅವಳೂ ನಜೀರನೂ ವಾಚಿನ ಒಳಗಿನ ‘ನೆಮ್ಮದಿ’ ಎಂಬ ಭಾಗವನ್ನು ಬಿಚ್ಚಿ ಕೂತರು. ಇದರ ಬಗ್ಗೆ ಎರಡು ಮಾತು ಹೇಳಬೇಕು. ಪಟ್ಟಣದ ಮಂದಿಗೆ ಸಾಲ ಬೇಕೇ, ಸೈಟು ಬೇಕೇ, ಕೂದಲು ಬೇಕೇ ಎಂದು ದಿನವೆಲ್ಲ ಸಂದೇಶಗಳ ಕಾಟ. ಅದಕ್ಕಾಗಿ ವಾಚು ಮಾಡುವವರು ಈ ನೆಮ್ಮದಿಯನ್ನು ಕಂಡುಹಿಡಿದರು. ತೊಟ್ಟವರ ನಾಡಿ ಹಿಡಿದು ಅದು ಸದಾ ಗಮನಿಸುತ್ತಿರುತ್ತದೆ. ಒಂದು ಬಗೆಯ ಸಂದೇಶ ಬಂದಾಗಲೆಲ್ಲ ಅವರು ಓದದೆ ಅಂಗೈಯಿಂದ ಮುಚ್ಚಿದರೆ, ನಾಡಿ ಜೋರಾದರೆ, ಇದು ಇವರಿಗೆ ಬೇಡದ ಮಾತು ಎಂದು ಕಲಿತುಕೊಳ್ಳುತ್ತದೆ. ಆಮೇಲೆ ಅಂಥ ಸಂದೇಶವನ್ನು ತಾನೇ ನುಂಗಿ, ಕಳಿಸಿದವರಿಗೆ ಬೇಜಾರಾಗದಿರಲೆಂದು ‘ನೋಡಿದೆ’ ಎಂದು ತಾನೇ ಉತ್ತರ ಕೊಡುತ್ತದೆ. ಒಳ್ಳೆಯ ಸೊಸೆಯ ಗುಣವೆಲ್ಲ ಇದೆ, ಒಂದು ಮಾತು ಕೇಳಿ ಮಾಡಬೇಕೆಂಬ ಬುದ್ಧಿ ಮಾತ್ರ ಇಲ್ಲ ಎಂದ ನಜೀರ್. ಹೋದ ವರ್ಷದ ಬೇಸಿಗೆಯಲ್ಲಿ ಹೊಸ ತಂತ್ರಾಂಶದ ಜೊತೆ ಈ ನೆಮ್ಮದಿ ಹೊಳೆವಾಚುಗಳಿಗೂ ಬೆಲ್ಲದ ಜೊತೆ ಇರುವೆ ಬಂದಂತೆ ಬಂದಿತ್ತು. ನೀರಿನ ಸಂದೇಶಕ್ಕೆ ಅದು ಕೈ ಹಚ್ಚುವುದಿಲ್ಲವೆಂದು ಎಲ್ಲರೂ ನಂಬಿದ್ದರು, ಯಾರೂ ಪರೀಕ್ಷಿಸಿರಲಿಲ್ಲ.

ಇಂದುಮತಿಯ ಕೈಗೆ ಕಟ್ಟಿದಾಗ ಸಂದೇಶ ಮೂಡಿದ್ದು ಯಾಕೆಂಬುದೂ ಈಗ ತಿಳಿಯಿತು. ಅದು ಹುಲಿಗೆವ್ವನ ನಾಡಿಯಾಗಿರಲಿಲ್ಲ.

ಆದರೆ ಒಳಗಿನ ನೆನಪನ್ನು ತೆರೆದು ನೋಡಿದಾಗ ಇನ್ನೊಂದು ಸಂಗತಿ ಹೊರಬಿತ್ತು. ಹೋದ ವರ್ಷದ ಮಳೆಗಾಲವಿಡೀ ನೀರಿನ ಸಂದೇಶ ಬಂದಾಗಲೆಲ್ಲ ಹುಲಿಗೆವ್ವ ಅದನ್ನು ಅಂಗೈಯಿಂದ ಮುಚ್ಚಿದ್ದಳು. ಒಮ್ಮೆಯೂ ತಪ್ಪಿಸಿರಲಿಲ್ಲ. ಪ್ರತಿ ಸಲವೂ ಆಕೆಯ ನಾಡಿ ಓಡಿತ್ತು, ಆಮೇಲೆ ಗುಂಡಿ ಒತ್ತಿ ಕೈತೊಳೆದುಕೊಂಡಿದ್ದಳು. ಸುದ್ದಿ ಕೇಳಿದ ಪಟ್ಟಣಶೆಟ್ಟಿ ಇದು ಇನ್ನೂ ಸ್ಪಷ್ಟವಾಯಿತಲ್ಲ ಎಂದರು. ಜೀವ ಉಳಿಸುವ ಸಂದೇಶವನ್ನು ಓದದೆ ಮುಚ್ಚಿದವಳು ತಾನೇ, ಯಂತ್ರ ಆಕೆಯಿಂದ ಕಲಿತದ್ದನ್ನೇ ಮಾಡಿದೆ. ನೆಮ್ಮದಿಯನ್ನು ನೀರಿನ ಸಂದೇಶದಿಂದ ತೆಗೆದುಹಾಕಿ, ಸರಿ. ಆದರೆ ಎಚ್ಚರಿಕೆಗೆ ಬೆಲೆ ಕೊಡದವಳ ಕೈಗೆ ಜನರನ್ನು ಕೊಡಲಾಗದು ಎಂದರು. ಅವರ ಮಾತಿನಲ್ಲಿ ತಪ್ಪು ಹುಡುಕುವುದು ಇಂದುಮತಿಗೂ ಕಷ್ಟವಾಯಿತು. ಹುಲಿಗೆವ್ವನ ಪರವಾಗಿ ಸಾಕ್ಷಿ ಹುಡುಕಲು ಹೋಗಿ ಆಕೆಯ ವಿರುದ್ಧದ ಸಾಕ್ಷಿಯನ್ನು ತಾನೇ ತಂದುಕೊಟ್ಟ ಹಾಗಾಯಿತು. ಆದರೂ ಒಂದು ಮಾತು ಒಳಗೆ ಕೊರೆಯುತ್ತಿತ್ತು. ನೀರಿನ ಸುದ್ದಿಯನ್ನು ಹರಿಗೋಲು ನಡೆಸುವವಳೊಬ್ಬಳು ಯಾಕೆ ಮುಚ್ಚುತ್ತಾಳೆ? ಕೇಳದೆ ತೀರ್ಪು ಕೊಡುವುದು ವಾಚಿನ ಚಾಳಿ, ಅದನ್ನು ತಾನು ಕಲಿಯಬಾರದು ಎಂದುಕೊಂಡು, ಸಂದೇಶ ಮತ್ತೆ ಮೂಡಲೆಂದು ವಾಚಿನ ಹಳೆಯ ನೆನಪನ್ನೆಲ್ಲ ನಜೀರನಿಂದ ಅಳಿಸಿಕೊಂಡು ಹೊಳೆಯ ದಾರಿ ಹಿಡಿದಳು.

ಹರಿಗೋಲಿಗೆ ತಡೆಯಿದ್ದರಿಂದ ಅವಳು ದಾಟಿದ್ದು ಇಲಾಖೆಯ ಮೋಟಾರು ದೋಣಿಯಲ್ಲಿ. ಹುಲಿಗೆವ್ವನ ಹರಿಗೋಲು ಮನೆಯಂಗಳದಲ್ಲಿ ಬೋರಲು ಬಿದ್ದಿತ್ತು, ಅದರ ನೆರಳಲ್ಲಿ ಕೋಳಿಗಳು ಕೂತಿದ್ದವು. ಟೀಚರಮ್ಮ ಮೂರು ದಿನದಿಂದ ಬಂದಿಲ್ಲ, ಶಾಲೆಗೆ ಬೀಗ ಎಂದು ಯಾರೋ ಹೇಳಿದರು. ಹುಲಿಗೆವ್ವ ಇಂದುಮತಿಯನ್ನು ಕಂಡು ಒಳಗೆ ಬಾ ಎನ್ನಲೂ ಇಲ್ಲ, ಹೋಗು ಎನ್ನಲೂ ಇಲ್ಲ. ಒಲೆಯ ಮೇಲಿದ್ದ ರೊಟ್ಟಿ ತಿರುವಿ ಹಾಕಿದಳು. ಆಮೇಲೆ, ಬಂದವರ ಮೇಲೆ ಸಿಟ್ಟಿದ್ದರೂ ಹೊಟ್ಟೆಯ ಮೇಲೆ ಸಿಟ್ಟಿಲ್ಲವಲ್ಲ ಎಂದು ತಾನೇ ಗೊಣಗಿಕೊಂಡು, ಬಿಸಿ ರೊಟ್ಟಿ, ಪುಂಡಿಪಲ್ಯ, ಒಂದು ಹಸಿ ಉಳ್ಳಾಗಡ್ಡಿ ಮುಂದಿಟ್ಟಳು. ಉಣ್ಣುತ್ತಾ ಇಂದುಮತಿ ಅದೂ ಇದೂ ಮಾತಾಡಿದಳು. ಈ ವರ್ಷ ಹೊಳೆವಾಚು ಸುಮ್ಮನಿದ್ದದ್ದು ವಿಚಿತ್ರ ಅನಿಸಲಿಲ್ಲವೇ ಎಂದು ಕೇಳಿದಳು. ಹುಲಿಗೆವ್ವ ಮಳೆ ತಡವಾಗಿದೆ, ಅಣೆಕಟ್ಟು ತುಂಬಿಲ್ಲ ಎಂದುಕೊಂಡಿದ್ದಳಂತೆ. ಹುಣ್ಣಿಮೆಗೆ ಹೊಳೆತಾಯಿ ಗಂಗವ್ವನಿಗೆ ಉಡಿ ತುಂಬಿದ್ದೆ, ಅದಕ್ಕೇ ಆಕೆ ತಣ್ಣಗಿದ್ದಾಳೆ ಎಂದೂ ಸಂತೋಷಪಟ್ಟಿದ್ದಳಂತೆ.

ಊಟವಾದ ಮೇಲೆ ಇಂದುಮತಿ ವಾಚನ್ನು ತಾನೇ ಹುಲಿಗೆವ್ವನ ಎಡಗೈಗೆ ಕಟ್ಟಿದಳು. ಅಂಗಳಕ್ಕೆ ಬಂದು, ಇದು ಬರೀ ಪರೀಕ್ಷೆ, ನಿಜವಾಗಿ ನೀರು ಬಿಡುವುದಿಲ್ಲ ಎಂದು ತಿಳಿಸಿ ಹೇಳಿ, ನಜೀರನಿಗೆ ಫೋನು ಮಾಡಿದಳು. ಅವನು ಅಲ್ಲಿಂದ ನೀರಿನ ಸಂದೇಶ ಕಳಿಸಿದ.

ವಾಚು ಮೂರು ಸಲ ತಟ್ಟಿತು. ಆ ತಟ್ಟುವಿಕೆಯ ಬಗೆಯಿಂದಲೇ ಹುಲಿಗೆವ್ವನಿಗೆ ಗೊತ್ತಾಯಿತು, ಓದುವ ಅಗತ್ಯ ಬೀಳಲಿಲ್ಲ. ಸೆರಗು ತಲೆಯ ಮೇಲೆಳೆದುಕೊಂಡಳು. ನೀಲಿ ಅಲೆಯ ಚಿತ್ರದ ಮೇಲೆ ಬಲಗೈಯ ಅಂಗೈಯನ್ನು ಮೆತ್ತಗೆ ಇಟ್ಟಳು, ಆ ಅಂಗೈಯನ್ನು ಎತ್ತಿ ಎರಡೂ ಕಣ್ಣಿಗೆ ಒತ್ತಿಕೊಂಡಳು. ತುಟಿ ಏನೋ ಅಂದುಕೊಂಡಿತು. ಆಮೇಲೆ ಅಂಚಿನ ಗುಂಡಿ ಒತ್ತಿದಳು.

ಗುಡಿಯ ಹೊಸ್ತಿಲು, ಬಿದ್ದ ಪುಸ್ತಕ, ಬೆಳಗಿನ ಮೊದಲ ವ್ಯಾಪಾರದ ನೋಟು, ಯಾವುದನ್ನಾದರೂ ಮುಟ್ಟಿ ಕಣ್ಣಿಗೊತ್ತಿಕೊಳ್ಳುವುದನ್ನು ಇಂದುಮತಿ ಹುಟ್ಟಿದಾಗಿನಿಂದ ನೋಡಿದ್ದಳು. ಅವಳೂ ಮಾಡುತ್ತಿದ್ದಳು. ಈ ಹೆಂಗಸು ಹೊಳೆಗೆ ನಮಸ್ಕಾರ ಮಾಡುತ್ತಿದ್ದಾಳೆ. ದೂರದ ಯಾವುದೋ ಊರಿನಲ್ಲಿ ತಯಾರಾದ ವಾಚು ಅದನ್ನು ಸಾಕು, ಬಾಯಿ ಮುಚ್ಚು ಎಂದು ಓದಿಕೊಂಡಿದೆ. ಹೊಳೆಯ ಹೆದರಿಕೆಗೆ ಓಡಿದ ನಾಡಿಯನ್ನು ಸಿಡುಕು ಎಂದು ತಿಳಿದಿದೆ. ಹುಲಿಗೆವ್ವ ಹೆಚ್ಚು ಭಕ್ತಿ ತೋರಿದಷ್ಟೂ ಅದು ಹೆಚ್ಚು ಖಾತ್ರಿಯಾಗಿ ಮೂಕವಾಗಿದೆ.

ಇದನ್ನೆಲ್ಲ ಬಿಡಿಸಿ ಹೇಳಿದಾಗ ಹುಲಿಗೆವ್ವ ಮೊದಲು ನಂಬಲಿಲ್ಲ, ಆಮೇಲೆ ಅಂಗಳದಲ್ಲೇ ಕುಕ್ಕರಿಸಿ ಕೂತಳು. ತಾನು ಸುಳ್ಳಿಯಲ್ಲವೆಂದು ಗೊತ್ತಾದ ಸಮಾಧಾನ ಆಕೆಯ ಮುಖದಲ್ಲಿರಲಿಲ್ಲ. ತನ್ನ ನಮಸ್ಕಾರವೇ ಬಸುರಿಯರ ಜೀವಕ್ಕೆ ಮುಳುವಾಗುತ್ತಿತ್ತಲ್ಲ ಎಂದು ಆಕೆ ಹೆದರಿದ್ದಳು. ಕಣ್ಣು ತುಂಬಿ ಬಂತು, ಒರೆಸಿಕೊಳ್ಳಲಿಲ್ಲ. ಇನ್ನು ಮುಂದೆ ಹಾಗೆ ಮುಚ್ಚದಿದ್ದರೆ ಆಯಿತಲ್ಲ ಎಂದು ಇಂದುಮತಿ ಮೆಲ್ಲಗೆ ಕೇಳಿನೋಡಿದಳು.

“ಅದು ಹೆಂಗ ಆಕ್ಕೈತ್ರಿ? ಗಂಗವ್ವ ಬರ್ತೀನಿ ಅಂತ ಹೇಳಿ ಕಳಿಸ್ಯಾಳ. ಮನಿಗೆ ಬರೂ ಬೀಗರಿಗೆ ಕೈ ಮುಗೀತೀವಿ, ಆಕಿಗೆ ಬರೇ ಗುಂಡಿ ಒತ್ತಿ ಹೋಗು ಅನ್ನಲೇನು? ನಮ್ಮಪ್ಪ ಹೇಳಿಕೊಟ್ಟದ್ದು ಇದೊಂದ. ನಡುಹೊಳ್ಯಾಗ ಹುಟ್ಟು ಬಿಟ್ಟು ಕೈ ಮುಗೀಬ್ಯಾಡ, ದಡ ಮುಟ್ಟಿದ ಮ್ಯಾಲ ಮರೀಬ್ಯಾಡ ಅಂತ.”

ಬಿಡುವುದು ಆಕೆಯ ಕೈಯಲ್ಲಿರಲಿಲ್ಲ. ಕೈಯನ್ನೇ ಕಟ್ಟಿಹಾಕಿದರೂ ವಾಚು ತಟ್ಟಿದೊಡನೆ ಅದು ತಾನಾಗಿ ಏಳುತ್ತಿತ್ತು. ಇಂದುಮತಿ ಮೋಟಾರು ದೋಣಿಯಲ್ಲಿ ವಾಪಸು ಬರುವಾಗ ಒಂದು ತೀರ್ಮಾನಕ್ಕೆ ಬಂದಳು. ಹೆಂಗಸು ವಾಚಿನ ಭಾಷೆ ಕಲಿಯಲಾರಳು ಎಂದಾದರೆ ವಾಚು ಹೆಂಗಸಿನ ಭಾಷೆ ಕಲಿಯಲಿ, ಕಲಿಯುವುದಕ್ಕೇ ಅಲ್ಲವೇ ಅದನ್ನು ಮಾಡಿರುವುದು.

ನಜೀರ್ ಮೊದಲು ಎಲ್ಲ ಹೊಳೆವಾಚುಗಳಲ್ಲೂ ನೀರಿನ ಸಂದೇಶವನ್ನು ನೆಮ್ಮದಿಯ ಕೈಯಿಂದ ಕಿತ್ತುಕೊಂಡ. ವಾಚು ಇನ್ನು ತಾನಾಗಿ ಉತ್ತರ ಕೊಡುವಂತಿಲ್ಲ. ಆಮೇಲೆ ಇಂದುಮತಿ ಕೇಳಿದ ಎರಡನೆಯ ಕೆಲಸಕ್ಕೆ ಕೈ ಹಾಕಿದ. ಅಂಗೈ ವಾಚನ್ನು ಮುಚ್ಚಿದಾಗ ಬೆಳಕು ಎಷ್ಟು ಹೊತ್ತು ಹೋಗುತ್ತದೆ, ಮುಚ್ಚಿದ ಕೈ ಮೇಲೆದ್ದು ಕಣ್ಣಿಗೆ ಹೋಗುವಾಗ ಮಣಿಕಟ್ಟು ಹೇಗೆ ಅಲುಗುತ್ತದೆ, ತಲೆ ಬಾಗಿದಾಗ ತೋಳು ಎಲ್ಲಿರುತ್ತದೆ ಎಂದು ವಾಚಿಗೆ ಕಲಿಸಬೇಕು. ಸಿಟ್ಟಿನಿಂದ ಮುಚ್ಚುವ ಕೈ ಪಟ್ಟನೆ ಬೀಳುತ್ತದೆ, ಅಲ್ಲೇ ನಿಲ್ಲುತ್ತದೆ. ನಮಸ್ಕಾರದ ಕೈ ಮೆತ್ತಗೆ ಇಳಿದು, ತುಸು ಕಾದು, ಮೇಲೇಳುತ್ತದೆ. ವ್ಯತ್ಯಾಸ ಅಷ್ಟೇ. ಇಂದುಮತಿಯೂ ನಜೀರನೂ ಲ್ಯಾಬಿನಲ್ಲಿ ಕೂತು ಎಷ್ಟೋ ಸಲ ವಾಚನ್ನು ಮುಟ್ಟಿ ಮುಟ್ಟಿ ಕಣ್ಣಿಗೊತ್ತಿಕೊಂಡರು. ಬಾಗಿಲಲ್ಲಿ ಹಾದುಹೋದ ಜವಾನ ಇವರಿಗೆ ಯಾವುದೋ ಗ್ರಹಚಾರ ಬಡಿದಿದೆ ಎಂದು ಹೆಜ್ಜೆ ಚುರುಕು ಮಾಡಿದ. ಅಮ್ಮಿ ಕುರಾನು ಎತ್ತಿಡುವಾಗಲೂ ಹೀಗೇ ಮಾಡುತ್ತಾಳೆ, ಈ ಪಾಠಕ್ಕೆ ನನಗೆ ಬೇರೆ ಮೇಷ್ಟ್ರು ಬೇಡ ಎಂದ ನಜೀರ್. ಕೊನೆಗೆ ವಾಚು ಕಲಿಯಿತು. ಹುಲಿಗೆವ್ವ ಕಣ್ಣಿಗೊತ್ತಿಕೊಂಡರೆ ಅದೇ ಇನ್ನು ‘ನೋಡಿದೆ’, ಬೇರೆ ಗುಂಡಿ ಒತ್ತಬೇಕಿಲ್ಲ. ಸಂದೇಶ ಮೂಡಿದರೆ ಫಲಕದಲ್ಲಿ ಹಳದಿ ದೀಪ, ಕೈ ಮುಗಿದರೆ ಹಸಿರು.

ಪಟ್ಟಣಶೆಟ್ಟಿಗೆ ಇದು ಎಳ್ಳಷ್ಟೂ ಹಿಡಿಸಲಿಲ್ಲ. ಒಬ್ಬಳ ರೂಢಿಗೆ ಸರ್ಕಾರಿ ಯಂತ್ರ ತಿದ್ದುತ್ತಾ ಹೋದರೆ ನಾಳೆ ಇನ್ನೊಬ್ಬ ಕಾಲಿಗೆ ಕಟ್ಟಿಕೊಳ್ಳುತ್ತೇನೆ ಎನ್ನುತ್ತಾನೆ ಎಂದರು. ಇಂದುಮತಿ ಅವರೊಡನೆ ವಾದಕ್ಕಿಳಿಯಲಿಲ್ಲ, ಆಕೆ ಸಂದೇಶವನ್ನು ತಿರಸ್ಕರಿಸಿರಲಿಲ್ಲ, ತಲೆಬಾಗಿ ಸ್ವೀಕರಿಸಿದ್ದಳು ಎಂದಷ್ಟೇ ಹೇಳಿದಳು. ಅವರು ಕನ್ನಡಕ ಒರೆಸಿಕೊಂಡರು. ಹಾವೂ ಸಾಯದ, ಕೋಲೂ ಮುರಿಯದ ದಾರಿ ಹುಡುಕುವುದು ಅವರ ಹುದ್ದೆಗೆ ಅಂಟಿಕೊಂಡ ಗುಣ. ಮುಂದಿನ ಸಲ ನೀರು ಬಿಡುವ ತನಕ ಹರಿಗೋಲು ನಡೆಯಲಿ, ಆ ದಿನ ಈ ವಾಚು ಕೈಕೊಟ್ಟರೆ ವಾಚೂ ಹೋಯಿತು, ಪರವಾನಗಿಯೂ ಹೋಯಿತು, ನಿಮ್ಮ ಮಾತೂ ಹೋಯಿತು ಎಂದರು.

ಆ ದಿನ ಬೇಗನೆ ಬಂತು. ಮೇಲಿನ ಘಟ್ಟದಲ್ಲಿ ಮಳೆ ಹಿಡಿದು ಅಣೆಕಟ್ಟಿಗೆ ನೀರು ನುಗ್ಗುತ್ತಿತ್ತು. ಮಧ್ಯಾಹ್ನ ಸಂದೇಶ ಹೋಯಿತು. ಫಲಕದ ದೀಪಗಳು ಅಲ್ಲೊಂದು ಇಲ್ಲೊಂದು ಹಸಿರಾಗುತ್ತಾ ಬಂದವು. ಮೀನುಗಾರರು, ಅಗಸರು, ಕುರಿಯವರು, ಎಲ್ಲರೂ ಉತ್ತರ ಕೊಟ್ಟರು. ಹುಣಸಿಗಡ್ಡಿಯ ದೀಪ ಹಳದಿಯಾಗಿ ನಿಂತಿತು. ವಾಚು ಸಂದೇಶ ತೋರಿಸಿದೆ. ಹುಲಿಗೆವ್ವ ಕೈ ಎತ್ತಿಲ್ಲ.

ಎಲ್ಲರೂ ಕಾದರು. ನಜೀರನ ಬಾಯಲ್ಲಿ ಲವಂಗ ಓಡಾಡುವುದು ನಿಂತಿತು. ತಾವು ಕಲಿಸಿದ ಪಾಠ ವಾಚಿಗೆ ಮರೆತುಹೋಯಿತೋ, ಒದ್ದೆ ಕೈಯನ್ನು ಅದು ಗುರುತಿಸಲಿಲ್ಲವೋ ಎಂದು ಅವನು ಪಿಸುಗುಟ್ಟಿದ. ಪಟ್ಟಣಶೆಟ್ಟಿ ನೀರಿನ ಮಟ್ಟ ತೋರಿಸುವ ಪರದೆಯನ್ನೂ ಹಳದಿ ದೀಪವನ್ನೂ ಸರದಿಯಂತೆ ನೋಡುತ್ತಿದ್ದರು. ಸಂದೇಶ ಕಂಡದ್ದಂತೂ ಖಾತ್ರಿ, ಅದು ಸಾಕು, ಅಪಾಯದ ಗೆರೆ ಮುಟ್ಟುವ ಮುಂಚೆ ತೆರೆಯಿರಿ ಎಂದರು. ಹೇಳಿದ್ದರಲ್ಲಿ ನ್ಯಾಯವಿತ್ತು. ಗೆರೆಗೆ ಇನ್ನೂ ತುಸು ದೂರವಿತ್ತು, ಬಹಳವಿರಲಿಲ್ಲ.

ಇಂದುಮತಿ ಗುಂಡಿಯ ಮೇಲಿಂದ ಕೈಯನ್ನು ತೆಗೆದು ಮಡಿಲಲ್ಲಿಟ್ಟುಕೊಂಡಳು. ಅವಳ ಕಣ್ಣಿಗೆ ಆ ಅಂಗಳ ಕಟ್ಟಿತ್ತು, ರೊಟ್ಟಿಯ ಹಿಟ್ಟು ಮೆತ್ತಿದ ಕೈ, ಹುಲಿಗೆವ್ವನ ಅಪ್ಪನ ಆ ಮಾತು. ಹರಿಗೋಲಿಗೆ ಇರುವುದು ಒಂದೇ ಹುಟ್ಟು. ಅದನ್ನು ಎರಡೂ ಕೈಯಲ್ಲಿ ಹಿಡಿಯಬೇಕು. ಗುಂಡಿಯನ್ನಾದರೆ ನಡುಹೊಳೆಯಲ್ಲೂ ಗದ್ದದಿಂದ ಒತ್ತಬಹುದು, ಒತ್ತಿ ಮರೆತುಬಿಡಬಹುದು. ನಮಸ್ಕಾರ ಹಾಗೆ ಆಗುವುದಿಲ್ಲ.

“ಆಕಿ ಇನ್ನ ಹೊಳ್ಯಾಗ ಅದಾಳ ಸರ್,” ಎಂದಳು. “ಕೈ ಎರಡೂ ಹುಟ್ಟಿನ ಮ್ಯಾಲ ಅದಾವ. ದಡ ಮುಟ್ಟಿದ ಮ್ಯಾಲ ಹೇಳ್ತಾಳ.”

“ಹೇಳಲಿಲ್ಲಂದ್ರ?”

“ಹೇಳ್ತಾಳ.”

ತಾವೇ ಹೋಗಿ ಗುಂಡಿ ಒತ್ತುವ ಅಧಿಕಾರ ಪಟ್ಟಣಶೆಟ್ಟಿಗಿತ್ತು. ಕುರ್ಚಿಯಿಂದ ಎದ್ದರು, ಫಲಕದ ಹತ್ತಿರ ಬಂದರು, ಹಳದಿ ದೀಪದ ಮುಂದೆ ನಿಂತರು. ಅಲ್ಲೇ ನಿಂತುಕೊಂಡರು. ಪರದೆಯ ಮೇಲೆ ನೀರು ಗೆರೆಯತ್ತ ಏರುತ್ತಲೇ ಇತ್ತು. ನನ್ನ ನಂಬಿಕೆ ಸುಳ್ಳಾದರೆ ಅಣೆಕಟ್ಟಿಗೆ ಕೇಡು, ನಿಜವಾಗಿದ್ದು ನಾನು ಕಾಯದಿದ್ದರೆ ಆಕೆಗೆ ಕೇಡು ಎಂದು ಇಂದುಮತಿ ಎಣಿಸುತ್ತಾ ಕೂತಳು.

ಹುಣಸಿಗಡ್ಡಿಯ ದೀಪ ಹಸಿರಾಯಿತು.

ನಜೀರ್ ಲವಂಗ ಕಡಿದ ಸದ್ದು ಕೇಳಿಸಿತು. ಪಟ್ಟಣಶೆಟ್ಟಿ ಕನ್ನಡಕ ತೆಗೆದು ಇಂದುಮತಿಯ ಕಡೆ ತಲೆಯಾಡಿಸಿದರು. ಅವಳು ಗೇ‌ಟು ತೆರೆದಳು.

ಸಂಜೆ ಟೀಚರಮ್ಮ ಫೋನು ಮಾಡಿದಳು. ಮಳೆ ಬರುವಂತಿದೆಯೆಂದು ಆ ದಿನ ಶಾಲೆ ಬೇಗ ಬಿಟ್ಟಿದ್ದಳಂತೆ. ದಡದ ಊರಿನಿಂದ ದ್ವೀಪದ ಶಾಲೆಗೆ ಬರುವ ಮಕ್ಕಳನ್ನೆಲ್ಲ ಹತ್ತಿಸಿಕೊಂಡು ಹರಿಗೋಲು ನಡುಹೊಳೆಗೆ ಬಂದಿದ್ದಾಗ ವಾಚು ತಟ್ಟಿತಂತೆ. ಹುಲಿಗೆವ್ವ ಒಮ್ಮೆ ಕಣ್ಣು ಹಾಯಿಸಿ, ಮಾತಾಡದೆ, ಹುಟ್ಟು ಹಾಕುತ್ತಲೇ ಹೋದಳಂತೆ. ದಡ ಮುಟ್ಟಿದ ಮೇಲೂ ಅವಸರ ಮಾಡಲಿಲ್ಲ. ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಎತ್ತಿ ಮೇಲಿನ ಕಟ್ಟೆಯ ಮೇಲೆ ನಿಲ್ಲಿಸಿ, ಹರಿಗೋಲನ್ನು ಎಳೆದು ಹಾಕಿ, ಆಮೇಲೆ ಸೆರಗು ತಲೆಗೆಳೆದುಕೊಂಡು ಹೊಳೆಯ ಕಡೆ ತಿರುಗಿ ವಾಚು ಮುಟ್ಟಿ ಕಣ್ಣಿಗೊತ್ತಿಕೊಂಡಳಂತೆ. ಆಕೆಯನ್ನು ನೋಡಿ ಮಕ್ಕಳೂ ಸಾಲಾಗಿ ನಿಂತು, ವಾಚಿಲ್ಲದ ತಮ್ಮ ಬರಿಯ ಮಣಿಕಟ್ಟುಗಳ ಮೇಲೆ ಅಂಗೈ ಇಟ್ಟು ಕಣ್ಣಿಗೊತ್ತಿಕೊಂಡರಂತೆ. ಸ್ವಲ್ಪ ಹೊತ್ತಿಗೆ ನೀರು ಬಂತು.

ಫೋನಿಟ್ಟ ಮೇಲೆ ಇಂದುಮತಿ ಕಿಟಕಿಯ ಹತ್ತಿರ ಹೋದಳು. ಕೆಳಗೆ ಹೊಳೆ ಕೆಂಪಾಗಿ, ದಡ ತುಂಬಿ ಹೋಗುತ್ತಿತ್ತು. ನಜೀರನಿಂದ ನೆಮ್ಮದಿಯನ್ನು ತೆಗೆಸಿದ್ದ ತನ್ನ ವಾಚು ಕೈಯಲ್ಲಿ ತಟ್ಟಿತು. ಅಂಗೈ ರೂಢಿಯಂತೆ ಮುಚ್ಚಲು ಹೋಗಿ ಅರ್ಧದಲ್ಲೇ ನಿಂತಿತು. ರೇವಣಸಿದ್ಧ ಬರೆದಿದ್ದ: ಕೊತ್ತಂಬರಿ ಇಲ್ಲದಿದ್ದರೂ ನಡೀತದ, ನೀ ಹುಷಾರಾಗಿ ಬಾ. ಅವಳು ಅದನ್ನು ಪೂರ್ತಿ ಓದಿದಳು. ಆಮೇಲೆ, ಕೋಣೆಯಲ್ಲಿ ಯಾರೂ ಇತ್ತ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ವಾಚನ್ನು ಮುಟ್ಟಿ ಮೆಲ್ಲಗೆ ಕಣ್ಣಿಗೊತ್ತಿಕೊಂಡಳು.